ರಟ್ಟಿನ ಮುಚ್ಚಳ, ಎರೆಯ ಧೂಳು

ಗದಗಕ್ಕೆ ಹೋಗಿ ಬಂದ ದಿನ ಸಂಜೆ ಮನೆಯಾಕೆ ಸೀರೆಯ ಅಂಚನ್ನು ಕಟ್ಟೆಯ ಮೇಲೆ ಹರವಿ ನನ್ನನ್ನು ಕರೆದಳು. ಎಡಮಗ್ಗುಲಿನ ಅಂಚು ಬೆಳಗ್ಗೆ ಹೇಗಿತ್ತೋ ಹಾಗೇ ಇತ್ತು. ಬಲಮಗ್ಗುಲಲ್ಲಿ ಒಂದು ಗೇಣು ಮಾತ್ರ ಒಲೆಬೂದಿಯಲ್ಲಿ ಎಳೆದಾಡಿದಂತೆ ಕಪ್ಪಾಗಿತ್ತು.

"ಕಿಡಕಿ ನನ್ನ ಎಡಕ್ಕೈತಿ, ಧೂಳು ಬಲಕ್ಕ ಬಂದೈತಿ. ಅಂದ್ರ ಇದು ರಸ್ತೆ ತಪ್ಪಲ್ರಿ, ನಿಮ್ಮ ಗಾಡಿ ತಪ್ಪು," ಅಂದಳು.

ಇಷ್ಟು ಚೊಕ್ಕ ರೋಗನಿದಾನವನ್ನು ನಾನು ಯಾವ ಮೇಸ್ತ್ರಿಯ ಬಾಯಿಂದಲೂ ಕೇಳಿಲ್ಲ. ಆಕೆಯ ಬಲಗಾಲಿಗೂ ನನ್ನ ಎಡಗಾಲಿಗೂ ನಡುವೆ ಇರುವುದು ಒಂದೇ ವಸ್ತು: ಗೇರ್‌ಬಾಕ್ಸಿನ ಮೇಲೆ ಕವುಚಿಟ್ಟ ಮುಚ್ಚಳ. ಉಳಿದ ಕೆಲಸ ಕಾಯಲಿ. ಮನೆಯಲ್ಲಿ ಶಾಂತಿ ಮೊದಲು.

ನಮ್ಮದು ಸ್ಟ್ಯಾಂಡರ್ಡ್ ಹೆರಾಲ್ಡ್. ಗದಗದಲ್ಲಿ ಅಡತಿ ಅಂಗಡಿ ಇಟ್ಟಿದ್ದ ಸೋದರಮಾವ ಕೊಂಡಿದ್ದು, ಅವರ ಮಕ್ಕಳಿಗೆ ಬೇಡವಾಗಿ ನರೇಗಲ್ಲಿನ ನಮ್ಮ ದನದ ಕೊಟ್ಟಿಗೆಗೆ ಬಂದು ಸೇರಿದ್ದು. ದೇಶದಲ್ಲಿ ಕಾರು ಅಂದರೆ ಅಂಬಾಸಡರ್, ಫಿಯಟ್, ಹೆರಾಲ್ಡ್ ಎಂಬ ಮೂರೇ ಹೆಸರು ಓಡಾಡುತ್ತಿದ್ದ ಕಾಲದ ಗಾಡಿ. ಇಂಗ್ಲೆಂಡಿನಲ್ಲಿ 1959ರಲ್ಲಿ ಬಂದ ಟ್ರಯಂಫ್ ಹೆರಾಲ್ಡನ್ನು ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ 1961ರಿಂದ ಇಲ್ಲಿ ತಯಾರಿಸಿತು. ಎಂಜಿನ್ನು 948 ಸಿಸಿ. ಮೈಮಾಟ ಬರೆದವನು ಇಟಲಿಯ ಮಿಕೆಲೊಟ್ಟಿ. ಮುಂದೆ ನಮ್ಮ ಜನರ ಸಂಸಾರ ನೋಡಿ ಮದರಾಸಿನವರು ನಾಲ್ಕು ಬಾಗಿಲಿನದ್ದನ್ನೂ ಮಾಡಿದರು. ಅದು ಇಂಗ್ಲೆಂಡಿನವರಿಗೂ ಸಿಗಲಿಲ್ಲ. ನನ್ನದು ಎರಡು ಬಾಗಿಲಿನದು. ಹಿಂದಿನ ಸೀಟಿಗೆ ಹತ್ತುವವರು ನನ್ನ ಹೆಸರು ಹಿಡಿದು ಬೈಯುತ್ತಾರೆ. 25 ಅಡಿ ಅಗಲದ ಜಾಗವಿದ್ದರೆ ಒಂದೇ ಹೊಡೆತಕ್ಕೆ ತಿರುಗಿ ನಿಲ್ಲುತ್ತದೆ. ಅಂಬಾಸಡರಿನವರು ಹಿಂದೆ ಮುಂದೆ ಮಾಡುತ್ತ ಬೆವರುವಾಗ ನಾನು ತಿರುಗಿಸಿಕೊಂಡು ಮನೆ ಸೇರಿರುತ್ತೇನೆ.

ಅಂಬಾಸಡರ್, ಫಿಯಟ್ಟುಗಳ ಗೇರ್ ಕಡ್ಡಿ ಸ್ಟೀರಿಂಗಿನ ಕೊರಳಿಗಿತ್ತು. ಹೆರಾಲ್ಡಿನದು ನೆಲದಿಂದ ಎದ್ದ ಗೇರು. ಆ ಕಡ್ಡಿ ಮೇಲೆ ಬರುವುದು ಈ ಮುಚ್ಚಳದ ನೆತ್ತಿಯಲ್ಲಿರುವ ತೂತಿನಿಂದ. ಮುಚ್ಚಳ ಯಾವುದರದು? ಕಬ್ಬಿಣವಲ್ಲ, ತಗಡಲ್ಲ. ರಟ್ಟು. ಹೌದು, ಒತ್ತಿ ಅಚ್ಚು ಹೊಡೆದ ರಟ್ಟು. ಮೊದಲ ಸಲ ನೆಲಹಾಸು ಎತ್ತಿ ತೋರಿಸಿದಾಗ ನಮ್ಮೂರ ಗ್ಯಾರೇಜಿನ ಹುಡುಗ ಬೆರಳಿನಿಂದ ತಟ್ಟಿ ನೋಡಿ, "ಇದನ್ನೇನ್ ಮಿಠಾಯಿ ಡಬ್ಬಿ ಕೊಯ್ದು ಮಾಡ್ಯಾರೇನ್ರೀ ಸರ್ರ?" ಅಂದ. ನಕ್ಕೆ. ಆದರೆ ರಟ್ಟನ್ನು ನಾನು ಬಿಟ್ಟುಕೊಡುವವನಲ್ಲ.

ಏಕೆಂದರೆ ಹೆರಾಲ್ಡಿನಲ್ಲಿ ಗೇರ್‌ಬಾಕ್ಸನ್ನು ಬಿಚ್ಚುವುದು ಕಾರಿನ ಒಳಗಿನಿಂದ. ಗಾಡಿಯ ಕೆಳಗೆ ಮಲಗಿ ಎದೆಯ ಮೇಲೆ ಇಳಿಸಿಕೊಳ್ಳುವ ಪ್ರಸಂಗವಿಲ್ಲ. ಸೀಟು ತೆಗೆದು, ಮುಚ್ಚಳ ಬಿಚ್ಚಿ ಬದಿಗಿಟ್ಟರೆ ಗೇರ್‌ಬಾಕ್ಸು ದೇವರ ಮೂರ್ತಿಯ ಹಾಗೆ ಕಣ್ಣೆದುರು ಕೂತಿರುತ್ತದೆ. ಇಬ್ಬರು ಹಿಡಿದು ಬಾಗಿಲಿನಿಂದ ಆಚೆ ತರಬಹುದು. ಕ್ಲಚ್ಚಿನ ಬೇರಿಂಗ್ ಹೋದಾಗಲೆಲ್ಲ ಇದನ್ನು ರೂಪಿಸಿದ ಇಂಗ್ಲಿಷ್ ಎಂಜಿನಿಯರಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಅಂದಮೇಲೆ ಆ ಮುಚ್ಚಳ ಗೋಡೆಯಲ್ಲ, ಬಾಗಿಲು. ಹಗುರಾಗಿರಬೇಕು, ಬಿಚ್ಚಲು ಬರಬೇಕು. ಗಾಳಿ ತಡೆಯುವ ಕೆಲಸಕ್ಕೆ ಕೈ ಹಾಕುವವರು ಇದೊಂದನ್ನು ಮರೆತರೆ ಏನಾಗುತ್ತದೆಂದು ನನ್ನ ಗಾಡಿಯೇ ಒಮ್ಮೆ ತೋರಿಸಿತು.

ಮಾವ ತೀರಿಕೊಳ್ಳುವ ಮುಂಚಿನ ಮಾತು. ಧೂಳಿನ ಕಾಟ ತಾಳದೆ ಅವರು ಒಂದು ಗ್ಯಾರೇಜಿಗೆ ಕೊಟ್ಟಿದ್ದರು. ಅಲ್ಲಿನ ಪುಣ್ಯಾತ್ಮರು ಮುಚ್ಚಳದ ಸುತ್ತ ಒಂದು ಕೂದಲೆಳೆ ಬಿಡದೆ ಎಂ-ಸೀಲ್ ಮೆತ್ತಿ, ಮೇಲೆ ಡಾಂಬರು ಬಳಿದು ಕಳಿಸಿದರು. ಗಾಳಿ ನಿಂತಿತು, ನಿಜ. ಎರಡು ವರ್ಷಕ್ಕೆ ಕ್ಲಚ್ ಕೂಗತೊಡಗಿದಾಗ ಉಳಿ, ಸುತ್ತಿಗೆ ಹಿಡಿದು ಮುಚ್ಚಳವನ್ನು ಗಣಿಯಲ್ಲಿ ಕಲ್ಲು ಎಬ್ಬಿಸಿದಂತೆ ಎಬ್ಬಿಸಬೇಕಾಯಿತು. ಬೋಲ್ಟಿನ ತೂತುಗಳೆಲ್ಲ ಹರಿದವು. ಮುಂದಿನ ತುಟಿ ಚೂರುಚೂರಾಯಿತು. ನಮಗೆ ಉಳಿದದ್ದು ಆ ಚೂರುಗಳನ್ನು ಬಟ್ಟೆ, ಫೆವಿಕಾಲ್ ಹಚ್ಚಿ ಕೂಡಿಸಿದ ಮುಚ್ಚಳ. ಸಂದಿಗಳು ಮೊದಲಿಗಿಂತ ದೊಡ್ಡವಾಗಿದ್ದವು.

ಗಾಳಿ ಅಲ್ಲಿಂದಲೇ ಏಕೆ ನುಗ್ಗಬೇಕು ಎಂಬುದಕ್ಕೂ ಒಂದು ಕಥೆಯಿದೆ, ಅದು ಶುರುವಾಗುವುದು ಇಂಗ್ಲೆಂಡಿನ ವ್ಯಾಪಾರದ ಜಗಳದಲ್ಲಿ. ಸ್ಟ್ಯಾಂಡರ್ಡ್ ಕಂಪನಿಯ ಸಣ್ಣ ಕಾರುಗಳಿಗೆ ಕವಚ ಮಾಡಿಕೊಡುತ್ತಿದ್ದ ಫಿಶರ್ ಅಂಡ್ ಲಡ್ಲೋ ಕಾರ್ಖಾನೆಯನ್ನು 1953ರಲ್ಲಿ ಎದುರಾಳಿ ಬಿಎಂಸಿ ಕೊಂಡುಕೊಂಡಿತು. ಹೊಸ ಕಾರಿಗೆ ಇಡೀ ಕವಚವನ್ನು ಒಂದೇ ತುಂಡಾಗಿ ಬೆಸೆದು ಕೊಡುವವರು ಸಿಗಲಿಲ್ಲ. ಹಾಗಾಗಿ ಹಳೆಯ ಕಾಲದಂತೆ ಬೇರೆಯೇ ಚಾಸಿ ಮಾಡಿ, ಕವಚವನ್ನು ತುಂಡುತುಂಡಾಗಿ ಬೇರೆ ಬೇರೆ ಕಡೆ ಮಾಡಿಸಿ, ಬೋಲ್ಟು ಹಾಕಿ ಕೂಡಿಸಿದರು. ತುಂಡು ಹೆಚ್ಚಾದಷ್ಟೂ ಸಂದಿ ಹೆಚ್ಚು. ಅಲ್ಲಿ ಆ ಸಂದಿಗಳಿಂದ ಮಳೆಯ ನೀರು, ಚಳಿಗಾಳಿ ಒಳಗೆ ಬರುತ್ತಿದ್ದವು. ಇಲ್ಲಿ ಬಿಸಿಗಾಳಿ, ಎರೆಯ ಧೂಳು. ನಮ್ಮೂರಲ್ಲೇ ಇನ್ನೊಂದು ಬಗೆಯ ಜೋಡಣೆ ಇದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದಲ್ಲಿ, 950ರಲ್ಲಿ, ಗಂಗ ಬೂತುಗನ ರಾಣಿ ಪದ್ಮಬ್ಬರಸಿ ಕಟ್ಟಿಸಿದ ಬಸದಿಯ ಕಲ್ಲುಗಳ ನಡುವೆ ಕೈಯಾಡಿಸಿ ನೋಡಿ. ಗಾರೆ ಇಲ್ಲ, ಅಂಟಿಲ್ಲ, ಕಲ್ಲಿನ ಮೇಲೆ ಕಲ್ಲು ತನ್ನ ಭಾರಕ್ಕೇ ಕೂತಿದೆ. ರಟ್ಟು ತಗಡುಗಳಿಗೆ ಆ ಯೋಗ್ಯತೆ ಇಲ್ಲ. ಅವುಗಳ ನಡುವೆ ಮೆತ್ತನೆಯದೊಂದು ಬೇಕೇ ಬೇಕು.

ಕಾರು ಓಡುವಾಗ ಮುಂದಿನ ಜಾಲರಿಯಿಂದ ನುಗ್ಗಿದ ಗಾಳಿ ರೇಡಿಯೇಟರ್ ಹಾದು ಕಾಯ್ದು, ಎಂಜಿನ್ನಿನ ಸುತ್ತ ಒತ್ತಿಕೊಂಡು, ಆಚೆ ಹೋಗುವ ದಾರಿ ಹುಡುಕುತ್ತದೆ. ಗೇರ್‌ಬಾಕ್ಸಿನ ಮೇಲಿನ ಪೊಳ್ಳು ಅದಕ್ಕೊಂದು ಓಣಿ. ಇತ್ತ ನಾವು ಸೆಕೆಯೆಂದು ಕಿಟಕಿ ಇಳಿಸುತ್ತೇವೆ. ಓಡುವ ಗಾಡಿಯ ಕಿಟಕಿ ಗಾಳಿಯನ್ನು ಒಳಗೆ ತರುವುದಕ್ಕಿಂತ ಒಳಗಿನದನ್ನು ಆಚೆ ಎಳೆಯುವುದೇ ಹೆಚ್ಚು. ಖಾಲಿಯಾದ ಜಾಗ ತುಂಬಲು ನೆಲದ ಸಂದಿಗಳಿಂದ ಗಾಳಿ ಮೇಲೇಳುತ್ತದೆ. ಕಿಟಕಿ ಇಳಿಸಿದಷ್ಟೂ ಕಾಲಬುಡದಲ್ಲಿ ಧೂಳು ಹೆಚ್ಚಾಗುವ ಗುಟ್ಟು ಇದು. ಗದಗದ ದಾರಿಯಲ್ಲಿ ಕೋಟುಮಚಗಿ ದಾಟುವ ಹೊತ್ತಿಗೆ ಎಡಗಾಲಿನ ಮೀನಖಂಡ ಹಂಚಿನ ಮೇಲಿಟ್ಟ ರೊಟ್ಟಿಯಂತಾಗುತ್ತಿತ್ತು.

ಧೂಳೆಂದರೂ ಎಲ್ಲ ಧೂಳೂ ಒಂದೇ ಅಲ್ಲ. ಎರೆ ಮಣ್ಣಿನ ಜೇಡಿಯ ಕಣ ಮಿಲಿಮೀಟರಿನ ಐನೂರನೇ ಒಂದು ಪಾಲಿಗಿಂತ ಸಣ್ಣದು. ನೀರು ಬಿದ್ದರೆ ಚಪ್ಪಲಿ ಕಿತ್ತುಕೊಳ್ಳುವ ಅದೇ ಮಣ್ಣು ಒಣಗಿದರೆ ಟಾಲ್ಕಂ ಪೌಡರಿನಂತೆ ಹಾರುತ್ತದೆ, ಬಟ್ಟೆಯ ನೇಯ್ಗೆಯೊಳಗೂ ಇಳಿಯುತ್ತದೆ. ಮಸಾರಿ ಮಣ್ಣು ಇಷ್ಟು ನಾಜೂಕಲ್ಲ, ಹರಳು ಹರಳು, ಕೆಂಪು. ಇದರಿಂದೊಂದು ಉಪಯೋಗವಿದೆ. ನರೇಗಲ್ಲಿನ ಸುತ್ತಲಿನ ಎರೆ ಹೊಲ ಬಿಟ್ಟು ಗಜೇಂದ್ರಗಡದ ಗುಡ್ಡದ ಕಡೆ ಹೋಗಿ ಬಂದರೆ, ನೆಲಹಾಸಿನ ಮೇಲೆ ಕೂತ ಬಣ್ಣವೇ ಯಾವ ರಸ್ತೆಯಲ್ಲಿ ಎಲ್ಲಿಂದ ಸೋರಿತೆಂದು ಹೇಳುತ್ತದೆ. ಇನ್ನು ಗಾಳಿಯ ವಿಚಾರ ಕೇಳಲೇಬೇಡಿ. ನಮ್ಮ ಸೀಮೆಯ ಗಾಳಿ ಎಂಥದ್ದೆಂದು ಗುಡ್ಡದ ಮೇಲೆ, ಹೊಲದ ನಡುವೆ ರೆಕ್ಕೆ ತಿರುಗಿಸುತ್ತ ನಿಂತ ವಿದ್ಯುತ್ ಕಂಬಗಳೇ ಸಾಕ್ಷಿ. ಆಷಾಢದಲ್ಲಿ ಗಾಡಿ ನಿಂತಿದ್ದರೂ ಒಳಗೆ ಧೂಳು ಕೂರುತ್ತದೆ.

ಕೆಲಸಕ್ಕೆ ಮೊದಲು ಸೋರುವ ಜಾಗಗಳನ್ನು ಪತ್ತೆ ಮಾಡಬೇಕು. ಹಗಲಲ್ಲಿ ಎಷ್ಟು ಬಗ್ಗಿ ನೋಡಿದರೂ ಕಾಣುವುದಿಲ್ಲ. ಅಮಾವಾಸ್ಯೆಯ ಮರುದಿನ ರಾತ್ರಿ ಊಟವಾದ ಮೇಲೆ ಕೊಟ್ಟಿಗೆಯ ದೀಪ ಆರಿಸಿ, ಉದ್ದ ವೈರಿನ ಬಲ್ಬೊಂದನ್ನು ಗಾಡಿಯ ಕೆಳಗೆ ಗೇರ್‌ಬಾಕ್ಸಿನ ಪಕ್ಕಕ್ಕೆ ತಳ್ಳಿ, ನೆಲಹಾಸು ತೆಗೆದ ಗಾಡಿಯೊಳಗೆ ಕೂತೆ. ಎಮ್ಮೆ ಒಂದು ಸಲ ಉಸಿರು ಬಿಟ್ಟು ಸುಮ್ಮನಾಯಿತು. ಕಣ್ಣು ಕತ್ತಲೆಗೆ ಹೊಂದಿಕೊಂಡ ಹಾಗೆ ಒಂದೊಂದೇ ಬೆಳಕಿನ ಗೆರೆ ಮೂಡತೊಡಗಿತು. ಮುಂದಿನ ತುಟಿಯ ಉದ್ದಕ್ಕೂ ಹೊಂಬಣ್ಣದ ದಾರ. ಹರಿದ ಬೋಲ್ಟ್ ತೂತುಗಳಲ್ಲಿ ಬೇಳೆಯಷ್ಟಗಲದ ಚುಕ್ಕಿಗಳು. ಗೇರ್ ಕಡ್ಡಿಯ ಬುಡದ ರಬ್ಬರಿನ ಚೀಲ ಮೂರು ಕಡೆ ಸೀಳಿ ದೀಪಾವಳಿಯ ಗೂಡುದೀಪದಂತಾಗಿತ್ತು. ಕೊನೆಗೆ ಕಂಡದ್ದು ಮುಚ್ಚಳಕ್ಕೆ ಸಂಬಂಧವೇ ಇಲ್ಲದ್ದು. ಎಂಜಿನ್ನಿಗೂ ನಮಗೂ ನಡುವಿನ ತಗಡಿನಲ್ಲಿ ಎರಡು ದುಂಡನೆಯ ತೂತು, ರೂಪಾಯಿ ನಾಣ್ಯದಷ್ಟಗಲ. ಚಳಿದೇಶದಲ್ಲಿ ಹೀಟರಿನ ಪೈಪು ಹಾಯುವ ಜಾಗ. ನಮಗೆ ಹೀಟರ್ ಏತಕ್ಕೆಂದು ಬಿಟ್ಟರು, ತೂತು ಉಳಿಯಿತು, ಅದಕ್ಕೆ ಹಾಕಿದ್ದ ಬಿರಡೆ ಎಂದೋ ಉದುರಿತ್ತು. ಹೀಟರ್ ಇಲ್ಲದೆಯೇ ಹೀಟರಿನ ಕೆಲಸ ನಡೆದಿತ್ತು! ಸೀಮೆಸುಣ್ಣದಿಂದ ಎಲ್ಲದರ ಸುತ್ತ ಗುರುತು ಹಾಕಿ ಮಲಗುವಾಗ ಹನ್ನೊಂದೂವರೆ.

ಮರುದಿನ ಬಿಚ್ಚಿದೆವು. ಈ ಗಾಡಿಯ ಬೋಲ್ಟುಗಳು ಇಂಚಿನ ಲೆಕ್ಕದವು, ಏಳು ಬೈ ಹದಿನಾರರ ಪಾನಾ ಬೇಕು. ನಡೆಯುತ್ತದೆಂದು ಹನ್ನೆರಡರ ಪಾನಾ ಹಾಕಿದರೆ ಮೂಲೆಗಳು ಉಜ್ಜಿಹೋಗುತ್ತವೆ, ಆಮೇಲೆ ಉಳಿಯೇ ಗತಿ. ಮುಚ್ಚಳ ತೆಗೆದ ಮೇಲೆ ಕೈ ಹಾಕಬೇಕಾದ್ದು ರಬ್ಬರಿಗಲ್ಲ, ಸೈಲೆನ್ಸರಿನ ಕೊಳವೆಗೆ. ಎಂಜಿನ್ನಿನಿಂದ ಹೊಗೆ ಹೊರಬರುವ ಜೋಡಣೆಯಲ್ಲಿ ಕಪ್ಪು ಮಸಿಯ ಗುರುತಿದೆಯೇ ನೋಡಬೇಕು. ಇದ್ದರೆ ಅಲ್ಲಿ ಹೊಗೆ ಸೋರುತ್ತಿದೆ ಎಂದರ್ಥ, ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ದೂರದ ಪಯಣದಲ್ಲಿ ತಲೆ ಭಾರವಾಗುವುದನ್ನು ಬಿಸಿಲಿನ ತಲೆಗೆ ಕಟ್ಟುವವರು ಬಹಳ. ಮೊದಲು ಆ ಜೋಡಣೆಯ ಪ್ಯಾಕಿಂಗ್ ಬದಲಿಸಿ. ಸೀರೆಯ ಅಂಚು ಆಮೇಲೆ.

ಮುಚ್ಚಳವನ್ನು ಫೈಬರ್‌ಗ್ಲಾಸಿನಲ್ಲಿ ಹೊಸದಾಗಿ ಮಾಡಿಸಿ ಎಂದು ಸಲಹೆ ಕೊಟ್ಟವರು ಬಹಳ. ಗಟ್ಟಿ, ನೀರಿಗೆ ನೆನೆಯುವುದಿಲ್ಲ, ಒಪ್ಪುತ್ತೇನೆ. ಆದರೆ ಡೋಲಿನ ಚರ್ಮದಂತೆ ಗೇರಿನ ಗೊರಗೊರವನ್ನೆಲ್ಲ ಕಿವಿಗೆ ತಂದು ಹಾಕುತ್ತದೆ. ರಟ್ಟು ಸದ್ದನ್ನು ನುಂಗಿಕೊಳ್ಳುತ್ತದೆ. ಪೂರ್ತಿ ಕೊಳೆತಿದ್ದರೆ ಫೈಬರ್ ಹಾಕಿ, ಉಳಿಯುವಂತಿದ್ದರೆ ರಟ್ಟನ್ನೇ ಉಳಿಸಿ. ನಾನು ಎಣ್ಣೆ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಎರಡು ದಿನ ಬಿಸಿಲಿಗಿಟ್ಟು, ಪದರ ಬಿಟ್ಟ ಅಂಚಿಗೆ ತೆಳುಮಾಡಿದ ಫೆವಿಕಾಲ್ ಕುಡಿಸಿ, ಎರಡು ಹಲಗೆಗಳ ನಡುವೆ ಇಟ್ಟು ಮೇಲೆ ಬೀಸುವ ಕಲ್ಲು ಹೇರಿದೆ. ಹರಿದ ತೂತುಗಳಿಗೆ ಒಳಗೂ ಹೊರಗೂ ತೆಳು ಅಲ್ಯುಮಿನಿಯಂ ಬಿಲ್ಲೆ ಕೊಟ್ಟೆ. ಬೋಲ್ಟಿನ ತಲೆಯ ಕೆಳಗೆ ಅಗಲವಾದ ವಾಷರ್ ಇಲ್ಲದೆ ರಟ್ಟನ್ನು ಬಿಗಿಯಬಾರದು, ಮತ್ತೆ ಹರಿಯುತ್ತದೆ.

ಇನ್ನು ಸಂದಿಗೆ ಹಾಕುವ ಪಟ್ಟಿ. ಗದಗದ ಹಾರ್ಡ್‌ವೇರ್ ಅಂಗಡಿಯಲ್ಲಿ ಸ್ಪಂಜಿನ ಪಟ್ಟಿ ಕೇಳಿದರೆ ನಾಲ್ಕು ಬಗೆ ಮುಂದಿಡುತ್ತಾರೆ, ನೋಡಲು ಎಲ್ಲ ಒಂದೇ. ನನ್ನ ಪರೀಕ್ಷೆ ಸುಲಭ: ತುಂಡೊಂದನ್ನು ತುಟಿಗಿಟ್ಟು ಊದಿ. ಉಸಿರು ಆಚೆ ಹೋದರೆ ಅದು ಗಾದಿಯ ಫೋಮು. ಗಾಳಿ ಬಿಡುತ್ತದೆ, ನೀರು ಕುಡಿಯುತ್ತದೆ, ಧೂಳು ತುಂಬಿಕೊಂಡು ಆರು ತಿಂಗಳಲ್ಲಿ ಇಟ್ಟಿಗೆಯಾಗುತ್ತದೆ. ಉಸಿರು ನಿಂತರೆ ಅದರ ಒಳಗಿನ ಗುಳ್ಳೆಗಳೆಲ್ಲ ಒಂದಕ್ಕೊಂದು ಸೇರದೆ ಮುಚ್ಚಿಕೊಂಡಿವೆ, ಅದನ್ನು ತನ್ನಿ. ಅಂಗಡಿಯವ ನಾನು ಸ್ಪಂಜಿಗೆ ಮುತ್ತಿಡುವುದನ್ನು ನೋಡಿ ಹುಡುಗನಿಗೆ ಕಣ್ಣು ಹೊಡೆದ. ಹೊಡೆದುಕೊಳ್ಳಲಿ. ದಪ್ಪ ಎಷ್ಟಿರಬೇಕೆಂದರೆ, ಬೋಲ್ಟು ಬಿಗಿದಾಗ ಅರ್ಧಕ್ಕೆ ಇಳಿಯಬೇಕು. ಪೂರ್ತಿ ಚಪ್ಪಟೆಯಾದರೆ ಮತ್ತೆ ಏಳುವುದಿಲ್ಲ. ಅಂಟನ್ನು ಮುಚ್ಚಳದ ಕಡೆಗೆ ಮಾತ್ರ ಹಚ್ಚಿ. ತಗಡಿನ ಕಡೆಗೆ ಬೇಡವೇ ಬೇಡ. ಆ ಕಡೆ ಬರೀ ಒತ್ತಿಕೊಂಡು ಕೂತಿರಲಿ, ಬಿಚ್ಚುವ ದಿನ ಸುಮ್ಮನೆ ಎದ್ದುಬರಲಿ. ಕಾರ್ಖಾನೆಯವರು ಯೋಚಿಸಿದ್ದೂ ಇದನ್ನೇ.

ಒಂದು ಕಡೆ ಮಾತ್ರ ಸ್ಪಂಜು ಸಲ್ಲದು. ಸೈಲೆನ್ಸರ್ ಕೊಳವೆ ಹಾಯುವ ಮಗ್ಗುಲಿನ ಮುಂದಿನ ತುಟಿ. ಅಲ್ಲಿನ ಕಾವಿಗೆ ಅದು ಕರಗಿ ಅಂಟಂಟಾಗುತ್ತದೆ. ಏನು ಹಾಕುವುದೆಂದು ಯೋಚಿಸುತ್ತ ಸೀಟು ಹೊಲಿಯುವ ಕುಶನ್ ಅಂಗಡಿಯಲ್ಲಿ ಕೂತಿದ್ದೆ. ಗೇರ್ ಕಡ್ಡಿಗೆ ರೆಕ್ಸಿನ್ ಚೀಲ ಹೊಲಿಯುತ್ತಿದ್ದ ಅಂಗಡಿಯ ಹಿರಿಯರು ಮಿಷನ್ನಿನಿಂದ ಕಣ್ಣೆತ್ತದೆ ಅಂದರು: "ಕಂಬಳಿ ಹಾಕ್ರಿ. ಕುರಬರ ಕಂಬಳಿ. ಉಣ್ಣಿಗೆ ಬೆಂಕಿ ಲಗೂ ಹತ್ತಂಗಿಲ್ಲ."

ಮಾತು ಖರೆ. ಉಣ್ಣೆ ಸುಲಭಕ್ಕೆ ಉರಿಯುವುದಿಲ್ಲ, ಕಿಡಿ ತಾಗಿದರೂ ಕಮರಿ ನಂದುತ್ತದೆ. ಮನೆಯಲ್ಲಿ ಮೆಡ್ಲೇರಿಯ ಹಳೆಯ ಕಂಬಳಿಯೊಂದು ಜೋಳದ ಚೀಲಗಳ ಮೇಲೆ ಬಿದ್ದಿತ್ತು. ಎರಡು ಬೆರಳಗಲದ ಪಟ್ಟಿ ಕತ್ತರಿಸಿ, ಎರಡು ಮಡಿಕೆ ಮಾಡಿ ಸೂಜಿದಾರದಲ್ಲಿ ಹೊಲಿದು ತುಟಿಗೆ ಕೂರಿಸಿದೆವು. ಎಣ್ಣೆ ಸೋರುವ ಎಂಜಿನ್ನಿದ್ದರೆ ಮಾತ್ರ ಈ ಉಪಾಯ ಮಾಡಬೇಡಿ. ಎಣ್ಣೆ ಕುಡಿದ ಕಂಬಳಿ ದೀಪದ ಬತ್ತಿಯಾಗುತ್ತದೆ. ನಾನು ಮೊದಲು ಸೋರಿಕೆ ನಿಲ್ಲಿಸಿ ಆಮೇಲೆ ಕಂಬಳಿಗೆ ಕತ್ತರಿ ಹಾಕಿದ್ದು.

ಗೇರ್ ಕಡ್ಡಿಗೆ ಎರಡು ಅಂಗಿ ತೊಡಿಸಿದೆವು. ಮೇಲಿನದು ನೋಟಕ್ಕೆ ರೆಕ್ಸಿನ್. ಗಾಳಿ ತಡೆಯುವುದು ಒಳಗಿನದು. ಟ್ರ್ಯಾಕ್ಟರ್ ಟ್ಯೂಬು ಕತ್ತರಿಸಿ ಹಾಕುವುದು ನಮ್ಮ ಕಡೆಯ ರೂಢಿ, ಆದರೆ ಟ್ಯೂಬಿನ ರಬ್ಬರಿಗೂ ಗೇರ್ ಆಯಿಲ್ಲಿಗೂ ಆಗಿಬರುವುದಿಲ್ಲ. ಎಣ್ಣೆ ತಾಗಿದರೆ ಉಬ್ಬಿ ಹಳಸಿದ ದೋಸೆಯಂತೆ ಮೆತ್ತಗಾಗುತ್ತದೆ. ಹಾಗಾಗಿ ಅದನ್ನು ಮುಚ್ಚಳದ ಮೇಲ್ಗಡೆಗೇ ಬಿಗಿದೆ, ಕೆಳಗೆ ಇಳಿಬಿಡಲಿಲ್ಲ. ಹೀಟರಿನ ಎರಡು ತೂತಿಗೆ ರಬ್ಬರ್ ಬಿರಡೆ, ಸ್ಪೀಡೋಮೀಟರ್ ಕೇಬಲ್ಲಿಗೆ ಹೊಸ ಬುಶ್ಶು. ಅವಕ್ಕೆ ಹೆಚ್ಚು ಮಾತು ಬೇಕಿಲ್ಲ.

ಪರೀಕ್ಷೆಗೆ ರಸ್ತೆಗಿಳಿಯುವ ಮುಂಚೆ ರಾಶಿ ತೂರುವ ಫ್ಯಾನನ್ನು ಗಾಡಿಯ ಮೂತಿಗೆ ಎದುರಾಗಿ ನಿಲ್ಲಿಸಿ ಚಾಲೂ ಮಾಡಿದೆವು. ನಾನು ಒಳಗೆ ಊದಿನಕಡ್ಡಿ ಹಿಡಿದು ಮುಚ್ಚಳದ ಸುತ್ತ ಒಂದು ಪ್ರದಕ್ಷಿಣೆ ತಂದೆ. ಹೊಗೆ ನೆಟ್ಟಗೆ ಏಳುತ್ತಿದ್ದರೆ ಸರಿ, ಓರೆಯಾದರೆ ಅಲ್ಲೊಂದು ಸಂದಿ. ಬೇಲಿಯಾಚೆ ನಿಂತಿದ್ದ ಪಕ್ಕದ ಮನೆಯ ಅಜ್ಜಿ, "ಗಾಡಿ ಮಾರಾಕ ಹತ್ಯಾರೇನ, ಪೂಜಿ ಮಾಡಾಕ ಹತ್ಯಾರಲ್ಲ?" ಎಂದು ಮನೆಯಾಕೆಯನ್ನು ಕೇಳಿದ್ದು ಫ್ಯಾನಿನ ಸದ್ದಿನಲ್ಲೂ ಕೇಳಿಸಿತು. ಎರಡು ಕಡೆ ಹೊಗೆ ವಾಲಿತು. ಒಂದು ಕಡೆ ಬೋಲ್ಟು ಸಡಿಲಿತ್ತು. ಇನ್ನೊಂದು ಕಡೆ ಪಟ್ಟಿಯ ತುದಿಗೆ ತುದಿ ಕೂಡದೆ ಕಡ್ಡಿಯಷ್ಟು ಬಿಟ್ಟಿತ್ತು. ಪಟ್ಟಿಯ ತುದಿಗಳನ್ನು ಓರೆಯಾಗಿ ಕತ್ತರಿಸಿ ಒಂದರ ಮೇಲೊಂದು ಕೂರಿಸಿದ್ದರೆ ಇದು ಆಗುತ್ತಿರಲಿಲ್ಲ. ಅವಸರದ ಫಲ.

ಮುಂದಿನ ಸೋಮವಾರ ಗಜೇಂದ್ರಗಡದ ಕಾಲಕಾಲೇಶ್ವರನ ಗುಡಿಗೆ ಹೋದೆವು. ನಿಡಗುಂದಿ ಬರುವವರೆಗೂ ಮನೆಯಾಕೆ ಬಲಗೈಯನ್ನು ಮುಚ್ಚಳದ ಅಂಚಿನ ಮೇಲೆ ಇಟ್ಟುಕೊಂಡೇ ಕೂತಿದ್ದಳು, ಜ್ವರ ನೋಡುವವರ ಹಾಗೆ. ಏನೂ ಅನ್ನಲಿಲ್ಲ. ಒಳಗಿನ ಬುಸುಗುಟ್ಟುವಿಕೆ ನಿಂತದ್ದರಿಂದ ಇಷ್ಟು ವರ್ಷ ನನಗೆ ಕೇಳದ ಸದ್ದೊಂದು ಕೇಳತೊಡಗಿತು: ಹಿಂದಿನ ಅಚ್ಚಿನ ಕಡೆಯಿಂದ ಸಣ್ಣಗೆ, ನಲವತ್ತರ ವೇಗದಲ್ಲಿ ಶುರುವಾಗಿ ಐವತ್ತಕ್ಕೆ ನಿಲ್ಲುವ ಗುಂಯ್ ಎಂಬ ದನಿ. ಬಾಯಿಬಿಡದೆ ವೇಗ ಹೆಚ್ಚಿಸಿದೆ.

ಮನೆಗೆ ಬಂದ ಮೇಲೆ ಆಕೆ ಅಂಚನ್ನು ಮತ್ತೆ ಕಟ್ಟೆಯ ಮೇಲೆ ಹರವಿದಳು. ಎರಡೂ ಮಗ್ಗುಲು ಒಂದೇ ಬಣ್ಣ. ನಾನು ಮೀಸೆ ತಿರುವುವಷ್ಟರಲ್ಲಿ ಹಿಂದಿನ ಸೀಟಿನಲ್ಲಿಟ್ಟಿದ್ದ ಪ್ರಸಾದದ ಬುಟ್ಟಿ ತಂದು ಮುಂದಿಟ್ಟಳು. ಮೇಲೆ ಹೊದಿಸಿದ್ದ ಬಿಳಿ ಟವೆಲ್ಲಿನ ಮೇಲೆ, ಹಿಂಬದಿಯ ಒಂದು ಅಂಚಿನಲ್ಲಿ ಮಾತ್ರ, ಬೆರಳಗಲದ ಧೂಳಿನ ಗೆರೆ. ಕಪ್ಪಲ್ಲ, ಕೆಂಪು. ಮಸಾರಿ. ಅಂದರೆ ಗುಡ್ಡದ ಏರಿನಲ್ಲಿ ಬಂದದ್ದು, ಬಂದದ್ದು ಹಿಂದಿನಿಂದ.

"ಡಿಕ್ಕಿ ರಬ್ಬರ್ ಹೋಗಿರಬೇಕು," ಅಂದೆ.

"ಕಂಬಳಿ ಇನ್ನೂ ಅರ್ಧ ಉಳದೈತಿ," ಅಂದಳು.